ನೆರೆಯ ಕಾಲೇಜುಗಳ ನಡುವೆ ಪುಸ್ತಕ ಎರವಲು: ನೀತಿಯ ಕರಡನ್ನು ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ತಾಲ್ಲೂಕು ಗ್ರಂಥಪಾಲಕಿ

ಎಲ್ಲರಿಗೂ ನಮಸ್ಕಾರ. ಗದಗ ಸೀಮೆಯ ಒಂದು ತಾಲ್ಲೂಕು ಕೇಂದ್ರದ ಅನುದಾನಿತ ಪದವಿ ಕಾಲೇಜಿನಲ್ಲಿ ಏಳು ವರ್ಷಗಳಿಂದ ಗ್ರಂಥಪಾಲಕಿಯಾಗಿದ್ದೇನೆ. ಆರು ಕಿಲೋಮೀಟರಿನ ಒಳಗೆ ಇನ್ನೂ ಮೂರು ಕಾಲೇಜುಗಳಿವೆ: ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜು, ಒಂದು ಬಿ.ಇಡಿ. ಕಾಲೇಜು, ಒಂದು ಕಾನೂನು ಕಾಲೇಜು. ನಾಲ್ಕೂ ಗ್ರಂಥಾಲಯಗಳು ಪರಸ್ಪರ ಪುಸ್ತಕ ಕೊಟ್ಟು ತೆಗೆದುಕೊಳ್ಳುವುದಕ್ಕೆ ಒಂದು ಲಿಖಿತ ನೀತಿ ಬೇಕೆಂದು ಪ್ರಾಂಶುಪಾಲರು ಹೇಳಿದ್ದಾರೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ಮೊದಲು, ಅಂದರೆ ಒಂದು ತಿಂಗಳೊಳಗೆ, ಕರಡನ್ನು ನಾನು ಸಿದ್ಧಪಡಿಸಬೇಕು. ಎರಡು ವರ್ಷದ ಹಿಂದೆಯೇ ಒಂದು ಒಡಂಬಡಿಕೆಗೆ ಸಹಿ ಬಿದ್ದಿದೆ. ಶಾಲು ಹೊದ್ದ ನಾಲ್ವರು ಪ್ರಾಂಶುಪಾಲರ ಛಾಯಾಚಿತ್ರದೊಡನೆ ಅದು ಕಡತದಲ್ಲಿ ಭದ್ರವಾಗಿದೆ. ಆ ಕಾಗದದ ಬಲದಿಂದ ಇಂದಿನವರೆಗೆ ಒಂದು ಪುಸ್ತಕವೂ ಕಪಾಟಿನಿಂದ ಕದಲಿಲ್ಲ.

ಹಾಗೆಂದು ನಮ್ಮಲ್ಲಿ ಹಂಚಿಕೆಯೇ ಇಲ್ಲವೆಂದಲ್ಲ. ಯಾರಾದರೂ ಅಧ್ಯಾಪಕರು ನಮ್ಮಲ್ಲಿಲ್ಲದ ಗ್ರಂಥ ಕೇಳಿದರೆ ನಾನು ಫೋನ್ ಮಾಡುತ್ತೇನೆ, ಅಲ್ಲಿನ ಸಹೋದ್ಯೋಗಿ ತಮ್ಮ ಸ್ವಂತ ಖಾತೆಯಲ್ಲಿ ಬರೆದುಕೊಂಡು ಜವಾನರ ಕೈಯಲ್ಲಿ ಕಳಿಸುತ್ತಾರೆ. ಕೆಲಸವೇನೋ ನಡೆಯುತ್ತದೆ. ಆದರೆ ಕಳೆದ ವರ್ಷದ ದಾಸ್ತಾನು ಪರಿಶೀಲನೆಯಲ್ಲಿ ಐದು ಸಂಪುಟಗಳ ಒಂದು ಮಾಲೆಯ ಮೂರನೆಯ ಸಂಪುಟ ಕಾಣದೆ ಹುಡುಕಿದಾಗ, ಎರಡನೆಯ ಮತ್ತು ನಾಲ್ಕನೆಯ ಸಂಪುಟಗಳ ನಡುವೆ ಮಡಚಿಟ್ಟ ಒಂದು ಚೀಟಿ ಸಿಕ್ಕಿತು: "ಸಂಪುಟ 3, ಬಿ.ಇಡಿ. ಕಾಲೇಜಿಗೆ, ಒಂದು ವಾರದ ಮಟ್ಟಿಗೆ." ಕೆಳಗೆ 2016ರ ಒಂದು ತಾರೀಖು ಮತ್ತು ನನ್ನ ಹಿಂದಿನವರ ಕಿರುಸಹಿ. ಅವರು ನಿವೃತ್ತರಾಗಿದ್ದಾರೆ, ಪುಸ್ತಕ ಪಡೆದವರು ಬೇರೆ ಜಿಲ್ಲೆಗೆ ಹೋಗಿದ್ದಾರೆ. ಈಗ ಅದರ ಬೆಲೆಯನ್ನು ಯಾರಿಂದ ವಸೂಲು ಮಾಡಬೇಕೆಂದು ಲೆಕ್ಕಪರಿಶೋಧಕರು ನನ್ನನ್ನು ಕೇಳುತ್ತಿದ್ದಾರೆ.

ಆದ್ದರಿಂದ ನೀತಿಯಲ್ಲಿ ಮೊದಲು ಬರೆಯಬೇಕಾದದ್ದು ಏನು, ಕಳೆದುಹೋದದ್ದಕ್ಕೆ ಹೊಣೆ ಯಾರದು, ಪುಸ್ತಕದ ಬದಲು ಕೆಲವು ಪುಟಗಳ ಜೆರಾಕ್ಸ್ ಅಥವಾ ಸ್ಕ್ಯಾನ್ ಕಳಿಸುವುದು ಕಾನೂನಿಗೆ ಒಪ್ಪುತ್ತದೆಯೇ, ಕಾಲೇಜುಗಳಿಗಾಗಿರುವ ಎನ್-ಲಿಸ್ಟ್ ಯೋಜನೆಯ ಮೂಲಕ ಬರುವ ವಿದ್ಯುನ್ಮಾನ ಪುಸ್ತಕಗಳನ್ನೂ ಇದರಲ್ಲಿ ಸೇರಿಸಬಹುದೇ ಎಂಬುದನ್ನು ಅನುಭವಿಗಳು ತಿಳಿಸಬೇಕೆಂದು ವಿನಂತಿ. ಪುಸ್ತಕಗಳ ದಾಖಲೆಗೆ ನಮ್ಮದು ಸೋಲ್ ತಂತ್ರಾಂಶ, ಸರ್ಕಾರಿ ಕಾಲೇಜಿನದು ಇ-ಗ್ರಂಥಾಲಯ, ಕಾನೂನು ಕಾಲೇಜಿನದು ಕೋಹಾ. ಬಿ.ಇಡಿ. ಕಾಲೇಜಿನವರದು ಇನ್ನೂ ರಟ್ಟಿನ ದಪ್ಪ ರಿಜಿಸ್ಟರು.

ಉತ್ತರ 1: ನಿವೃತ್ತ ಗ್ರಂಥಪಾಲಕ, ಧಾರವಾಡ

ಮೇಡಂ, ನಿಮ್ಮ ಚೀಟಿಯ ಪ್ರಸಂಗದಲ್ಲಿಯೇ ನಿಮ್ಮ ನೀತಿಯ ಮೊದಲ ಕಲಮು ಅಡಗಿದೆ. ನಿಮ್ಮ ಹಿಂದಿನವರು ಪುಸ್ತಕ ಕೊಟ್ಟದ್ದು ಒಬ್ಬ ಪರಿಚಿತರಿಗೆ. ಪರಿಚಯ ವರ್ಗವಾಗಿ ಹೋದ ದಿನವೇ ಪುಸ್ತಕವೂ ಹೋಯಿತು. ಕೊಡುವುದು ಒಂದು ಗ್ರಂಥಾಲಯ, ಪಡೆಯುವುದು ಇನ್ನೊಂದು ಗ್ರಂಥಾಲಯ, ಓದುಗನ ಹೆಸರು ಪಡೆದ ಗ್ರಂಥಾಲಯದ ಒಳಗಿನ ವ್ಯವಹಾರ ಎಂಬುದನ್ನು ಮೊದಲ ವಾಕ್ಯದಲ್ಲಿಯೇ ಬರೆಯಿರಿ. ಕಾನೂನು ಕಾಲೇಜಿನ ವಿದ್ಯಾರ್ಥಿ ನಿಮ್ಮ ಪುಸ್ತಕ ಕಳೆದರೆ ನೀವು ಅವನ ಹಾಸ್ಟೆಲಿನ ಬಾಗಿಲು ತಟ್ಟಬೇಕಾಗಿಲ್ಲ. ನಿಮಗೆ ಉತ್ತರ ಹೇಳಬೇಕಾದದ್ದು ಆ ಕಾಲೇಜಿನ ಗ್ರಂಥಾಲಯ.

ಇದು ನಾನು ಕಂಡುಹಿಡಿದ ಮಾತಲ್ಲ. ಗ್ರಂಥಾಲಯ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಇಫ್ಲಾ 1954ರಲ್ಲಿ ಅಂತರ ಗ್ರಂಥಾಲಯ ಎರವಲಿನ ತತ್ತ್ವಗಳನ್ನು ಮೊದಲು ಒಪ್ಪಿ, ಆಮೇಲೆ ಹಲವು ಸಲ ಪರಿಷ್ಕರಿಸಿತು. ಅಮೆರಿಕದ ಗ್ರಂಥಾಲಯ ಸಂಘದ ಸಂಹಿತೆ ಇನ್ನೂ ಹಳೆಯದು, 1917ರದು. ಪುಸ್ತಕ ಕೊಟ್ಟ ಗ್ರಂಥಾಲಯದ ಹೊಸ್ತಿಲು ದಾಟಿದ ಕ್ಷಣದಿಂದ ಮರಳಿ ಅದೇ ಹೊಸ್ತಿಲು ಮುಟ್ಟುವವರೆಗೆ ಪಡೆದ ಗ್ರಂಥಾಲಯವೇ ಹೊಣೆ ಎಂಬುದು ಎರಡರಲ್ಲಿಯೂ ಇದೆ. ದಾರಿಯಲ್ಲಿ ಕಳೆದರೂ ಸರಿ, ಜವಾನರ ಸೈಕಲ್ಲಿನಿಂದ ಮಳೆಯ ನೀರಿಗೆ ಬಿದ್ದರೂ ಸರಿ. ಈ ಒಂದು ವಾಕ್ಯವನ್ನು ನಾಲ್ಕೂ ಕಾಲೇಜುಗಳು ಒಪ್ಪದಿದ್ದರೆ ಮುಂದಿನ ಹತ್ತು ಪುಟಗಳನ್ನು ಬರೆದು ಪ್ರಯೋಜನವಿಲ್ಲ.

ಇನ್ನು ಲೆಕ್ಕಪರಿಶೋಧಕರ ವಿಷಯ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳ 215ನೆಯ ನಿಯಮವನ್ನು ಓದಿಕೊಳ್ಳಿ. ವರ್ಷದಲ್ಲಿ ಎರವಲು ಕೊಟ್ಟ ಮತ್ತು ಪರಾಮರ್ಶಿಸಿದ ಪ್ರತಿ ಸಾವಿರ ಸಂಪುಟಗಳಿಗೆ ಐದು ಸಂಪುಟಗಳ ನಷ್ಟವನ್ನು, ಅದು ಅಪ್ರಾಮಾಣಿಕತೆ ಅಥವಾ ನಿರ್ಲಕ್ಷ್ಯದಿಂದ ಆದದ್ದಲ್ಲದಿದ್ದರೆ, ಸಹಜವೆಂದು ಪರಿಗಣಿಸಬಹುದೆಂದು ಅದು ಹೇಳುತ್ತದೆ. ಆದರೆ ಸಾವಿರ ರೂಪಾಯಿಗಿಂತ ಹೆಚ್ಚು ಬೆಲೆಯ ಪುಸ್ತಕ ಅಥವಾ ಅಪರೂಪದ ಗ್ರಂಥ ಹೋದರೆ ತನಿಖೆ ಆಗಲೇಬೇಕೆಂದೂ ಹೇಳುತ್ತದೆ. ಆ ನಿಯಮ ನೇರವಾಗಿ ಅನ್ವಯಿಸುವುದು ಕೇಂದ್ರದ ಸಂಸ್ಥೆಗಳಿಗೆ, ನಿಮ್ಮ ಅನುದಾನಿತ ಕಾಲೇಜಿಗಲ್ಲ. ಆದರೂ ಆಡಳಿತ ಮಂಡಳಿಯಿಂದ ಇಂಥದೇ ಒಂದು ಠರಾವನ್ನು ಮಾಡಿಸಿಟ್ಟುಕೊಂಡರೆ, ಪುಸ್ತಕ ಹೊರಗೆ ಕೊಟ್ಟ ಗ್ರಂಥಪಾಲಕರ ಸಂಬಳಕ್ಕೆ ಕೈ ಹಾಕುವ ಭಯ ಹೋಗುತ್ತದೆ. ನನ್ನ ಮೂವತ್ತು ವರ್ಷದ ಸೇವೆಯಲ್ಲಿ ನಾನು ಕಂಡಂತೆ, ನಮ್ಮಲ್ಲಿ ಸಂಪನ್ಮೂಲ ಹಂಚಿಕೆ ನಿಂತಿರುವುದು ತಂತ್ರಾಂಶದ ಕೊರತೆಯಿಂದಲ್ಲ, ಈ ಭಯದಿಂದ. ಭಯಪಟ್ಟ ಗ್ರಂಥಪಾಲಕರು "ಪುಸ್ತಕ ಹೊರಗಿದೆ" ಎಂದು ಹೇಳಿ ಕೈತೊಳೆದುಕೊಳ್ಳುತ್ತಾರೆ. ನಾನೂ ಒಂದೆರಡು ಸಲ ಹಾಗೆ ಹೇಳಿದ್ದೇನೆ.

ಏನನ್ನು ಕೊಡುವುದಿಲ್ಲ ಎಂಬ ಪಟ್ಟಿ ಚಿಕ್ಕದಾಗಿರಲಿ. ನಿಘಂಟು, ವಿಶ್ವಕೋಶಗಳಂಥ ಪರಾಮರ್ಶನ ಗ್ರಂಥಗಳು, ಬೈಂಡ್ ಮಾಡಿದ ನಿಯತಕಾಲಿಕ ಸಂಪುಟಗಳು, ಹಾಳೆ ಪುಡಿಯಾಗುತ್ತಿರುವ ಹಳೆಯ ಪುಸ್ತಕಗಳು, ಆ ಅವಧಿಯ ಪಠ್ಯಪುಸ್ತಕಗಳು – ಇಷ್ಟು ಸಾಕು. ಕಾಲೇಜಿನವರು ಈ ಪಟ್ಟಿಯನ್ನು ಉದ್ದ ಮಾಡುತ್ತ ಹೋಗಿ ಕೊನೆಗೆ ಕೊಡಲು ಯಾರಿಗೂ ಬೇಡವಾದ ಮಾರ್ಗದರ್ಶಿಗಳಷ್ಟೇ ಉಳಿದದ್ದನ್ನು ನಾನು ನೋಡಿದ್ದೇನೆ. ಅವಧಿ ಇಪ್ಪತ್ತೊಂದು ದಿನವಿರಲಿ, ಸ್ವಂತ ಓದುಗರು ಕೇಳಿದರೆ ಮಧ್ಯದಲ್ಲಿಯೇ ಹಿಂದಕ್ಕೆ ಕರೆಸಿಕೊಳ್ಳುವ ಹಕ್ಕು ಕೊಟ್ಟವರಿಗಿರಲಿ.

ಮುಂದೆ ದೂರದ ಕಾಲೇಜು ಸೇರಿದರೆ ಅಂಚೆಯ ಪ್ರಶ್ನೆ ಬರುತ್ತದೆ. ಪುಸ್ತಕಗಳಿಗಿದ್ದ ಅಗ್ಗದ ನೋಂದಾಯಿತ ಬುಕ್ ಪೋಸ್ಟ್ 2024ರ ಡಿಸೆಂಬರಿನಲ್ಲಿ ನಿಂತುಹೋಯಿತು. 2025ರ ಮೇ 1ರಿಂದ ಜ್ಞಾನ ಪೋಸ್ಟ್ ಎಂಬ ಸೇವೆ ಬಂದಿದೆ. 300 ಗ್ರಾಂವರೆಗೆ 20 ರೂಪಾಯಿ, ಐದು ಕಿಲೋವರೆಗೆ 100 ರೂಪಾಯಿ ಎಂಬ ದರದಿಂದ ಅದು ಆರಂಭವಾಯಿತು, ತೆರಿಗೆ ಬೇರೆ. ಎಲ್ಲಿಗೆ ತಲುಪಿದೆ ಎಂದು ನೋಡುವ ಅನುಕೂಲವೂ ಅದರಲ್ಲಿದೆ. ಹೋಗುವ ಖರ್ಚು, ಬರುವ ಖರ್ಚು ಎರಡೂ ಕೇಳಿದವರದೇ ಎಂದು ಬರೆದುಬಿಡಿ.

ಉತ್ತರ 2: ಕಪಾಟು ಸಂಖ್ಯೆ 340

ಕಾನೂನು ಕಾಲೇಜೊಂದರ ಗ್ರಂಥಾಲಯದಲ್ಲಿ ಇರುವವನಾದ್ದರಿಂದ ಜೆರಾಕ್ಸಿನ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ.

"ಪುಸ್ತಕದ ಶೇಕಡಾ ಹತ್ತರವರೆಗೆ ನಕಲು ಮಾಡಬಹುದು" ಎಂಬ ಮಾತು ನಮ್ಮ ಕಾಲೇಜುಗಳಲ್ಲಿ ಗೋಡೆಬರಹದಂತೆ ಓಡಾಡುತ್ತಿದೆ. 1957ರ ನಮ್ಮ ಕೃತಿಸ್ವಾಮ್ಯ ಕಾಯಿದೆಯಲ್ಲಿ ಅಂಥ ಶೇಕಡಾ ಲೆಕ್ಕವೇ ಇಲ್ಲ. ಒಂದು ನಿಯತಕಾಲಿಕದ ಕಳೆದ ಐದು ವರ್ಷದ ಸಂಚಿಕೆಗಳಿಂದ ವರ್ಷಕ್ಕೆ ಐದು ಲೇಖನ ಮಾತ್ರ ಎಂಬ ಇನ್ನೊಂದು ನಿಯಮವನ್ನೂ ಕೆಲವು ಕರಡುಗಳಲ್ಲಿ ಓದಿದ್ದೇನೆ. ಅದು 1970ರ ದಶಕದಲ್ಲಿ ಅಮೆರಿಕದ ಒಂದು ಆಯೋಗ ಅಲ್ಲಿನ ಗ್ರಂಥಾಲಯಗಳಿಗಾಗಿ ಮಾಡಿದ ಮಾರ್ಗಸೂಚಿ. ಅದನ್ನು ಸ್ವಯಂನಿಯಂತ್ರಣದ ಮಿತಿಯಾಗಿ ನೀವು ಇಟ್ಟುಕೊಳ್ಳಬಹುದು, ಆದರೆ "ಕಾಯಿದೆಯ ಪ್ರಕಾರ" ಎಂದು ಬರೆಯಬೇಡಿ.

ನಮ್ಮ ಕಾಯಿದೆಯ 52ನೆಯ ಕಲಮು ಕೊಡುವ ಆಸರೆ ಬೇರೆ ಬಗೆಯದು. ಸಂಶೋಧನೆಯೂ ಸೇರಿದಂತೆ ಖಾಸಗಿ ಅಥವಾ ವೈಯಕ್ತಿಕ ಉಪಯೋಗಕ್ಕಾಗಿ ನ್ಯಾಯೋಚಿತವಾಗಿ ಬಳಸಿಕೊಳ್ಳುವುದು ಉಲ್ಲಂಘನೆಯಾಗದು ಎಂದು ಅದು ಹೇಳುತ್ತದೆ. ಆದ್ದರಿಂದ ಒಬ್ಬ ಅಧ್ಯಾಪಕರು ತಮ್ಮ ಸಂಶೋಧನೆಗೆ ಒಂದು ಅಧ್ಯಾಯ ಬೇಕೆಂದು ಸಹಿ ಮಾಡಿ ಕೇಳಿದಾಗ ಆ ಅಧ್ಯಾಯದ ಒಂದು ನಕಲನ್ನು ಕಳಿಸುವುದನ್ನು ಸಮರ್ಥಿಸಿಕೊಳ್ಳಬಹುದು. ಇಡೀ ಪುಸ್ತಕವನ್ನು ಸ್ಕ್ಯಾನ್ ಮಾಡಿ ನಾಲ್ಕು ಕಾಲೇಜಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದನ್ನು ಸಮರ್ಥಿಸಿಕೊಳ್ಳಲಾಗದು. ಭಾರತದಲ್ಲಿ ಮಾರಾಟಕ್ಕೆ ಸಿಗದ ಪುಸ್ತಕದ ಮೂರಕ್ಕೆ ಮೀರದ ಪ್ರತಿಗಳನ್ನು ವಾಣಿಜ್ಯೇತರ ಸಾರ್ವಜನಿಕ ಗ್ರಂಥಾಲಯವು ತನ್ನ ಉಪಯೋಗಕ್ಕಾಗಿ ಮಾಡಿಕೊಳ್ಳಬಹುದೆಂಬ ಇನ್ನೊಂದು ಉಪಕಲಮೂ ಇದೆ. ಕಾಲೇಜು ಗ್ರಂಥಾಲಯವನ್ನು "ಸಾರ್ವಜನಿಕ" ಎನ್ನಬಹುದೇ ಎಂಬುದಕ್ಕೆ ಕಾಯಿದೆಯಲ್ಲಿ ವ್ಯಾಖ್ಯೆ ಇಲ್ಲದಿರುವುದರಿಂದ, ಅದರ ಮೇಲೆ ನಿಮ್ಮ ಇಡೀ ನೀತಿಯ ಭಾರ ಹಾಕದಿರುವುದು ಲೇಸು. ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿಯ ಮೊಕದ್ದಮೆಯಲ್ಲಿ 2016ರಲ್ಲಿ ಬಂದ ತೀರ್ಪನ್ನೂ ಕೆಲವರು ಇಲ್ಲಿಗೆ ಎಳೆಯುತ್ತಾರೆ. ಅದು ತರಗತಿಯ ಬೋಧನೆಗಾಗಿ ಮಾಡಿದ ನಕಲುಗಳ ಕುರಿತದ್ದು, ಗ್ರಂಥಾಲಯಗಳ ನಡುವಿನ ಎರವಲಿನ ಕುರಿತದ್ದಲ್ಲ.

ಲೇಖಕರು ತೀರಿಕೊಂಡು ಅರವತ್ತು ವರ್ಷ ಕಳೆದ ಕೃತಿಗಳಿಗೆ ಈ ತಾಪತ್ರಯ ಯಾವುದೂ ಇಲ್ಲ. ನಿಮ್ಮ ನಾಲ್ಕು ಗ್ರಂಥಾಲಯಗಳಲ್ಲಿರುವ ಅಂಥ ಹಳೆಯ ಕನ್ನಡ ಪುಸ್ತಕಗಳ ಪಟ್ಟಿಯನ್ನು ಬೇರೆಯಾಗಿ ಮಾಡಿ, ಅವುಗಳನ್ನು ಸ್ಕ್ಯಾನ್ ಮಾಡಿಯೇ ಹಂಚಿಕೊಳ್ಳಿ, ಹಾಳೆಗಳೂ ಉಳಿಯುತ್ತವೆ.

ವಿದ್ಯುನ್ಮಾನ ಪುಸ್ತಕಗಳನ್ನು ಈ ನೀತಿಯೊಳಗೆ ತರಬೇಡಿ. ಅವುಗಳನ್ನು ನಾವು ಕೊಂಡಿಲ್ಲ, ಪರವಾನಗಿಯ ಮೇಲೆ ಓದುತ್ತಿದ್ದೇವೆ. ನಿಮ್ಮ ಎನ್-ಲಿಸ್ಟ್ ಗುಪ್ತಪದವನ್ನು ಪಕ್ಕದ ಕಾಲೇಜಿನ ವಿದ್ಯಾರ್ಥಿಗೆ ಕೊಟ್ಟರೆ ಅದು ಹಂಚಿಕೆಯಲ್ಲ, ಕರಾರಿನ ಭಂಗ. ಆ ಕಾಲೇಜಿಗೆ ಅರ್ಹತೆಯಿದ್ದರೆ ಅದು ತಾನೇ ಸದಸ್ಯತ್ವ ಪಡೆಯಲಿ. 2025ರ ಜನವರಿಯಿಂದ ಜಾರಿಗೆ ಬಂದ "ಒಂದು ರಾಷ್ಟ್ರ ಒಂದು ಚಂದಾ" ಯೋಜನೆಯಡಿ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕಗಳು ತೆರೆದಿವೆ. ನಿಮ್ಮೂರಿನ ಸರ್ಕಾರಿ ಕಾಲೇಜು ಅದರಲ್ಲಿ ನೋಂದಾಯಿಸಿಕೊಂಡಿದೆಯೇ ಎಂದು ವಿಚಾರಿಸಿ. ಅಲ್ಲಿಯೂ ಗುಪ್ತಪದ ಹಂಚುವ ಮಾತಿಲ್ಲ. ಬೇಕಾದ ಒಂದು ಲೇಖನವನ್ನು ಕಳಿಸಲು ಆ ಪ್ರಕಾಶಕರ ಪರವಾನಗಿ ಒಪ್ಪುತ್ತದೆಯೇ ಎಂದು ನೋಡಿಕೊಂಡು ಕೇಳಬೇಕಷ್ಟೆ.

ಉತ್ತರ 3: ಕೊಡುವ ಕೈ

ಹಿರಿಯರ ಮಾತುಗಳನ್ನು ಒಪ್ಪುತ್ತಲೇ ಒಂದು ತಕರಾರು ತೆಗೆಯುತ್ತೇನೆ. ನಮ್ಮದು ಊರಿನ ದೊಡ್ಡ ಗ್ರಂಥಾಲಯ. ಐದು ಕಾಲೇಜುಗಳ ಇಂಥದೇ ಕೂಟದಲ್ಲಿ ಸೇರಿ ಒಂದು ವರ್ಷದಲ್ಲಿ ನಾವು ಹೊರಗೆ ಕೊಟ್ಟ ಪುಸ್ತಕಗಳು ನೂರನ್ನು ದಾಟಿದವು, ಹೊರಗಿನಿಂದ ತಂದವು ಹತ್ತನ್ನು ದಾಟಲಿಲ್ಲ. ಪುಸ್ತಕ ಹುಡುಕುವುದು, ಕಟ್ಟುವುದು, ಬರೆಯುವುದು, ನೆನಪೋಲೆ ಕಳಿಸುವುದು ಎಲ್ಲವೂ ನಮ್ಮ ಒಬ್ಬನೇ ಸಹಾಯಕನ ಮೇಲೆ ಬಿತ್ತು. "ಪರಸ್ಪರ ಸಹಕಾರ" ಎಂಬ ಪದ ಓದಲು ಚೆಂದ. ಆದರೆ ಸಹಕಾರದ ಹೆಸರಿನಲ್ಲಿ ಚಿಕ್ಕ ಕಾಲೇಜಿನ ಆಡಳಿತ ಮಂಡಳಿ ತನ್ನ ಪುಸ್ತಕ ಖರೀದಿಯ ಹಣವನ್ನೇ ಕಡಿತ ಮಾಡಿದ್ದನ್ನು ನಾವು ಕಣ್ಣಾರೆ ಕಂಡೆವು. ಆ ಮಂಡಳಿಯ ಸಭೆಯಲ್ಲಿ "ಪಕ್ಕದಲ್ಲಿ ಸಿಗುತ್ತದಲ್ಲ" ಎಂದು ಒಬ್ಬರು ಹೇಳಿದರಂತೆ.

ಆದ್ದರಿಂದ ಎರವಲು ಕೇಳುವ ಕಾಲೇಜು ತನ್ನ ಖರೀದಿಯ ಮೊತ್ತವನ್ನು ಹಿಂದಿನ ವರ್ಷಕ್ಕಿಂತ ಇಳಿಸಬಾರದೆಂದು ಬರೆಯಿಸಿ. ಒಂದೇ ಶೀರ್ಷಿಕೆಯನ್ನು ಒಂದು ವರ್ಷದಲ್ಲಿ ಮೂರು ಸಲ ಎರವಲು ಕೇಳಿದ ಕಾಲೇಜು ಆ ಪುಸ್ತಕವನ್ನು ತಾನೇ ಕೊಳ್ಳಬೇಕೆಂದೂ ಸೇರಿಸಿ. ನಾವು ಎರಡನೆಯ ವರ್ಷದಿಂದ ಪುಸ್ತಕವೊಂದಕ್ಕೆ ಹತ್ತು ರೂಪಾಯಿ ನಿರ್ವಹಣಾ ಶುಲ್ಕ ವಿಧಿಸಿದೆವು. ಸುಮ್ಮನೆ ಬರುತ್ತಿದ್ದ ಕೋರಿಕೆಗಳು ಕಡಿಮೆಯಾದವು, ನಿಜವಾಗಿ ಬೇಕಾದವರು ಕೊಟ್ಟರು.

ಉತ್ತರ 1ರವರ ಮರುಮಾತು: ನಿವೃತ್ತ ಗ್ರಂಥಪಾಲಕ, ಧಾರವಾಡ

ಖರೀದಿಯ ಕಲಮು ನ್ಯಾಯವಾದದ್ದು, ನನಗೆ ಅದು ಹೊಳೆದಿರಲಿಲ್ಲ. ಶುಲ್ಕವನ್ನು ಮಾತ್ರ ನಾನು ಒಪ್ಪಲಾರೆ. ಹತ್ತು ರೂಪಾಯಿಯನ್ನು ಕಾಲೇಜು ಕೊಡುವುದಿಲ್ಲ, ಹಳ್ಳಿಯಿಂದ ಬಸ್ಸಿನಲ್ಲಿ ಬರುವ ವಿದ್ಯಾರ್ಥಿ ಕೊಡುತ್ತಾನೆ. ನಿಮ್ಮಲ್ಲಿ ಕಡಿಮೆಯಾದ ಕೋರಿಕೆಗಳಲ್ಲಿ ಎಷ್ಟು ಅನಗತ್ಯವಾದವು, ಎಷ್ಟು ಕೈಯಲ್ಲಿ ಕಾಸಿಲ್ಲದವರವು ಎಂದು ಯಾರು ಲೆಕ್ಕ ಹಾಕಿದರು? ಪ್ರತಿ ಓದುಗನಿಗೆ ಅವನ ಪುಸ್ತಕ ಎಂದು ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹರಾದ ರಂಗನಾಥನ್ ಅವರು 1931ರಲ್ಲಿಯೇ ಬರೆದದ್ದನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದವರು ನಾವೇ. ವೆಚ್ಚ ಸರಿದೂಗಿಸಲೇಬೇಕೆಂದರೆ ವರ್ಷದ ಕೊನೆಗೆ ಕಾಲೇಜುಗಳ ನಡುವೆ ಲೆಕ್ಕ ನೋಡಿ ಕೊಡಲಿ.

ಉತ್ತರ 4: ಸೂಚಿಪತ್ರ

ಎಲ್ಲರೂ ಪುಸ್ತಕ ಕೊಡುವ ಮಾತಾಡುತ್ತಿದ್ದೀರಿ. ಯಾರಲ್ಲಿ ಏನಿದೆ ಎಂದು ತಿಳಿಯುವುದು ಹೇಗೆ? ನೀತಿಯ ಜೊತೆಗೆ ನಾಲ್ಕೂ ಗ್ರಂಥಾಲಯಗಳ ಪುಸ್ತಕಗಳನ್ನು ಒಟ್ಟಿಗೆ ತೋರಿಸುವ ಒಂದು ಕೂಡುಸೂಚಿ ಇರದಿದ್ದರೆ ಮತ್ತೆ ಅದೇ ಫೋನು, ಅದೇ ಚೀಟಿ.

ಸೋಲ್ ಮತ್ತು ಕೋಹಾ ಎರಡರಿಂದಲೂ ಮಾರ್ಕ್ 21 ಎಂಬ ಸಾಮಾನ್ಯ ದಾಖಲೆ ರೂಪದಲ್ಲಿ ದಾಖಲೆಗಳನ್ನು ಹೊರತೆಗೆಯಬಹುದು. ಇ-ಗ್ರಂಥಾಲಯದ ದತ್ತಾಂಶವನ್ನೂ ಹೊಂದಿಸಿಕೊಳ್ಳಬಹುದು. ಇಂಗ್ಲಿಷ್ ಪುಸ್ತಕಗಳು ಒಂದು ವಾರದಲ್ಲಿ ಒಟ್ಟುಗೂಡುತ್ತವೆ. ತೊಡಕು ಇರುವುದು ಕನ್ನಡ ಪುಸ್ತಕಗಳಲ್ಲಿ. ಹದಿನೈದು ಇಪ್ಪತ್ತು ವರ್ಷದ ಹಿಂದೆ ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ತುಂಬಿದ ದಾಖಲೆಗಳನ್ನು ಬೇರೆ ಗಣಕದಲ್ಲಿ ತೆರೆದರೆ ಕನ್ನಡ ಎಂಬ ಪದವೇ ರೋಮನ್ ಅಕ್ಷರಗಳೂ ಚಿತ್ರವಿಚಿತ್ರ ಗುರುತುಗಳೂ ಬೆರೆತ ಸರಮಾಲೆಯಾಗಿ ಕಾಣುತ್ತದೆ, ಹುಡುಕಿದರೆ ಸಿಗುವುದಿಲ್ಲ. ಮೊದಲು ಅವುಗಳನ್ನು ಯೂನಿಕೋಡಿಗೆ ಪರಿವರ್ತಿಸಿ, ಪರಿವರ್ತಿಸಿದ ಮೇಲೆ ಒತ್ತಕ್ಷರಗಳನ್ನೂ ಅರ್ಕಾವತ್ತನ್ನೂ ಕಣ್ಣಿನಿಂದ ಒಮ್ಮೆ ನೋಡಿ.

ಎರಡನೆಯ ತೊಡಕು ಲೇಖಕರ ಹೆಸರು. ನಾವು ಎರಡು ಗ್ರಂಥಾಲಯಗಳ ಸೂಚಿಯನ್ನು ಕೂಡಿಸಿದಾಗ ಒಂದೇ ನಾಟಕಕಾರರು ಮೂರು ಕಡೆ ಕುಳಿತಿದ್ದರು: ಒಂದು ಕಡೆ ಶ್ರೀರಂಗ, ಒಂದು ಕಡೆ ಆದ್ಯ ರಂಗಾಚಾರ್ಯ, ಮತ್ತೊಂದು ಕಡೆ ಆರ್.ವಿ. ಜಾಗೀರದಾರ. ತ್ರಿವೇಣಿಯವರನ್ನು ಯಾರೋ ಅನಸೂಯಾ ಶಂಕರ್ ಎಂದು ನಮೂದಿಸಿದ್ದರು. ಬೇಂದ್ರೆಯವರ ಇನಿಶಿಯಲ್ ಒಂದು ಕಡೆ ಹೆಸರಿನ ಮುಂದೆ, ಇನ್ನೊಂದು ಕಡೆ ಹಿಂದೆ. ಅಂಬಿಕಾತನಯದತ್ತ ಎಂಬುದು ಬೇರೆಯೇ. ಸಾಹಿತ್ಯ ಓದಿದವರಿಗೆ ಇದು ನಗುವ ವಿಷಯ, ಗಣಕಕ್ಕೆ ಅವರೆಲ್ಲ ಬೇರೆಬೇರೆ ಜನ. ಯಾವ ಹೆಸರನ್ನು ಮುಖ್ಯವಾಗಿ ಇಡಬೇಕು, ಉಳಿದವುಗಳಿಂದ ಅಲ್ಲಿಗೆ ದಾರಿ ಹೇಗೆ ತೋರಿಸಬೇಕು ಎಂಬ ಒಂದು ಪುಟದ ಒಪ್ಪಂದವನ್ನು ನೀತಿಗೆ ಅನುಬಂಧವಾಗಿ ಸೇರಿಸಿ. ವಿಶ್ವವಿದ್ಯಾಲಯ ಗ್ರಂಥಾಲಯಗಳನ್ನು ಬೆಸೆಯುವ ಇನ್‌ಫ್ಲಿಬ್‌ನೆಟ್ ಕೇಂದ್ರದ ಕೂಡುಸೂಚಿಯಾದ ಇಂಡ್‌ಕ್ಯಾಟ್‌ನಲ್ಲಿ ವಿಶ್ವವಿದ್ಯಾಲಯಗಳ ದಾಖಲೆಗಳು ಸಿಗುತ್ತವೆ, ಅಲ್ಲಿಯ ರೂಪವನ್ನು ನೋಡಿಕೊಳ್ಳಬಹುದು. ಊರಿನಲ್ಲಿ ಎಲ್ಲಿಯೂ ಸಿಗದ ಪುಸ್ತಕಕ್ಕೆ 1988ರಲ್ಲಿ ದೆಹಲಿಯಲ್ಲಿ ಶುರುವಾದ, ಗ್ರಂಥಾಲಯಗಳ ಜಾಲವಾದ ಡೆಲ್‌ನೆಟ್ ಇದೆ; ನಾಲ್ಕು ಕಾಲೇಜುಗಳಲ್ಲಿ ಯಾರಾದರೂ ಅದರ ಸದಸ್ಯರಾಗಿದ್ದಾರೆಯೇ ವಿಚಾರಿಸಿ.

ಬಿ.ಇಡಿ. ಕಾಲೇಜಿನ ರಿಜಿಸ್ಟರಿಗೆ ಅಂಜಬೇಡಿ. ಶಿಕ್ಷಣಶಾಸ್ತ್ರದ ಪುಸ್ತಕಗಳನ್ನಷ್ಟೇ ಮೊದಲು ಒಂದು ಹಾಳೆಗೆ ಇಳಿಸಿದರೆ ಸಾಕು, ನೀವು ಅವರಿಂದ ಕೇಳುವುದು ಬಹುಪಾಲು ಅದನ್ನೇ.

ತಾಲ್ಲೂಕು ಗ್ರಂಥಪಾಲಕಿ

ಎಲ್ಲರಿಗೂ ಧನ್ಯವಾದಗಳು. ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ಕರಡಿನ ಮೊದಲ ಕಲಮನ್ನು ಹೀಗೆ ಇಟ್ಟಿದ್ದೇನೆ: "ಈ ನೀತಿಯಡಿ ಎರವಲು ನೀಡುವ ಮತ್ತು ಪಡೆಯುವ ಪಕ್ಷಗಳು ಗ್ರಂಥಾಲಯಗಳೇ ಆಗಿರತಕ್ಕದ್ದು, ನೀಡಿದ ಗ್ರಂಥಾಲಯದಿಂದ ಹೊರಟ ಗ್ರಂಥವು ಮರಳಿ ಅಲ್ಲಿ ಜಮೆಯಾಗುವವರೆಗೆ ಅದರ ನಷ್ಟ ಮತ್ತು ಹಾನಿಗೆ ಪಡೆದ ಗ್ರಂಥಾಲಯವು ಹೊಣೆಯಾಗಿರತಕ್ಕದ್ದು." ಖರೀದಿ ಇಳಿಸಬಾರದೆಂಬ ಕಲಮಿಗೆ ಒಂದು ಕಾಲೇಜಿನ ಆಡಳಿತ ಮಂಡಳಿ ಆಕ್ಷೇಪಿಸಿದೆ, ಮೂರು ಸಲ ಕೇಳಿದರೆ ಕೊಳ್ಳಬೇಕೆಂಬುದನ್ನು ನಾಲ್ವರೂ ಒಪ್ಪಿದ್ದಾರೆ. ಶುಲ್ಕವನ್ನು ಕೈಬಿಟ್ಟೆವು. ಕೂಡುಸೂಚಿಯಲ್ಲಿ ಸದ್ಯ ಕನ್ನಡ ಸಾಹಿತ್ಯ ಮತ್ತು ಶಿಕ್ಷಣಶಾಸ್ತ್ರ ಮಾತ್ರ ಇವೆ.

ಈ ನೆಪದಲ್ಲಿ ಬಿ.ಇಡಿ. ಕಾಲೇಜಿನ ಪುಸ್ತಕಗಳನ್ನು ಹಾಳೆಗೆ ಇಳಿಸುತ್ತಿದ್ದಾಗ ನಮ್ಮ ಮೂರನೆಯ ಸಂಪುಟ ಸಿಕ್ಕಿತು. ಅದು ಕಳೆದುಹೋಗಿರಲಿಲ್ಲ. 2019ರ ದಾಸ್ತಾನು ಪರಿಶೀಲನೆಯಲ್ಲಿ ಅದು ಯಾರದೆಂದು ತಿಳಿಯದೆ, ದಾನವಾಗಿ ಬಂದದ್ದಿರಬೇಕೆಂದು ಅವರು ತಮ್ಮ ಪರಿಗ್ರಹಣ ಸಂಖ್ಯೆಯನ್ನು (ಪುಸ್ತಕವನ್ನು ಸೇರಿಸಿಕೊಂಡಾಗ ಕೊಡುವ ಕ್ರಮಸಂಖ್ಯೆ) ಹಾಕಿ, ನಮ್ಮ ಮುದ್ರೆಯ ಮೇಲೆಯೇ ತಮ್ಮ ಮುದ್ರೆ ಒತ್ತಿದ್ದಾರೆ. ದೀಪಕ್ಕೆ ಹಿಡಿದು ನೋಡಿದರೆ ಕೆಳಗೆ ನಮ್ಮ ಸಂಖ್ಯೆ ಕಾಣುತ್ತದೆ. ಈಗ ಅವರ ರಿಜಿಸ್ಟರಿನಲ್ಲಿಯೂ ಅದು ಆಸ್ತಿ, ನಮ್ಮಲ್ಲಿಯೂ ಆಸ್ತಿ. ಅಲ್ಲಿನ ಗ್ರಂಥಪಾಲಕರು ಕೊಡಲು ಸಿದ್ಧರಿದ್ದಾರೆ, ಆದರೆ ರಿಜಿಸ್ಟರಿನಿಂದ ಹೇಗೆ ತೆಗೆಯುವುದೆಂದು ತಿಳಿಯದೆ ಇಬ್ಬರೂ ಕುಳಿತಿದ್ದೇವೆ.

ನಿವೃತ್ತ ಗ್ರಂಥಪಾಲಕ, ಧಾರವಾಡ

ಅದನ್ನು ನಷ್ಟವೆಂದು ತೆಗೆದುಹಾಕಲು ಬಿಡಬೇಡಿ ಮೇಡಂ, ಹಾಗೆ ಮಾಡಿದರೆ ಅವರ ಮೇಲೆ ಇಲ್ಲದ ವಸೂಲಿ ಬರುತ್ತದೆ. ನಿಮ್ಮ ಮೂಲ ಪರಿಗ್ರಹಣ ರಿಜಿಸ್ಟರಿನ ಆ ಪುಟದ ದೃಢೀಕೃತ ನಕಲು ಮತ್ತು 2016ರ ಚೀಟಿಯ ನಕಲನ್ನು ಲಗತ್ತಿಸಿ ನಿಮ್ಮ ಪ್ರಾಂಶುಪಾಲರಿಂದ ಅವರ ಪ್ರಾಂಶುಪಾಲರಿಗೆ ಪತ್ರ ಬರೆಸಿ. ಅವರು ತಮ್ಮ ಗ್ರಂಥಾಲಯ ಸಮಿತಿಯ ನಡಾವಳಿಯಲ್ಲಿ "ತಪ್ಪಾಗಿ ಪರಿಗ್ರಹಿಸಿದ್ದು, ಮೂಲ ಗ್ರಂಥಾಲಯಕ್ಕೆ ಹಿಂದಿರುಗಿಸಲಾಗಿದೆ" ಎಂದು ದಾಖಲಿಸಿ, ರಿಜಿಸ್ಟರಿನ ಷರಾ ಅಂಕಣದಲ್ಲಿ ಆ ನಡಾವಳಿಯ ತಾರೀಖನ್ನು ಕೆಂಪು ಶಾಯಿಯಲ್ಲಿ ಬರೆಯಲಿ. ಸಂಖ್ಯೆಯನ್ನು ಅಳಿಸುವುದೂ ಬೇಡ, ಇನ್ನೊಂದು ಪುಸ್ತಕಕ್ಕೆ ಕೊಡುವುದೂ ಬೇಡ. ಮುಂದೆ ಹೊರಗೆ ಹೋಗುವ ಪ್ರತಿ ಪುಸ್ತಕದ ರಟ್ಟಿಗೆ ಒಂದು ಬಣ್ಣದ ಕಾಗದದ ಪಟ್ಟಿ ಸುತ್ತಿ, ಅದರ ಮೇಲೆ ನಿಮ್ಮ ಗ್ರಂಥಾಲಯದ ಹೆಸರು ಮತ್ತು ಮರಳಿಸುವ ತಾರೀಖನ್ನು ದಪ್ಪ ಅಕ್ಷರದಲ್ಲಿ ಬರೆಯುವುದನ್ನು ಕರಡಿನಲ್ಲಿ ಸೇರಿಸಿ. ಸಹಿಯ ಜಾಗದಲ್ಲಿ ನಿಮ್ಮ ಹೆಸರು ಬೇಡ, "ಗ್ರಂಥಪಾಲಕರು" ಎಂದು ಹುದ್ದೆಯನ್ನಷ್ಟೇ ಅಚ್ಚು ಹಾಕಿಸಿ.